ಕಬ್ಬಿನ ಗದ್ದೆ, ಸ್ಲೋ ಮೋಷನ್, ಡ್ರೋನ್: ಯಾವುದನ್ನು ಉಳಿಸೋದು, ಯಾವುದನ್ನು ಮುರಿಯೋದು?

ಪ್ರಶ್ನೆ: ಮೇಡಂ, ನಾವು ಮಂಡ್ಯದಲ್ಲಿ ಪತ್ರಿಕೋದ್ಯಮ ಓದುತ್ತಿರುವ ಕೊನೇ ವರ್ಷದ ಡಿಗ್ರಿ ವಿದ್ಯಾರ್ಥಿಗಳು. ಪ್ರಾಜೆಕ್ಟ್‌ಗೆ ನಾಲ್ಕು ಜನ ಸೇರಿ ಒಂದು ಮ್ಯೂಸಿಕ್ ವೀಡಿಯೋ ಮಾಡಬೇಕು. ಹಾಡು ನಮ್ಮದೇ. ನಮ್ಮಲ್ಲೊಬ್ಬ ಬರೆದು ಹಾಡಿದ್ದಾನೆ. ಅವನ ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಹಾಡು ಅವರ ಮೇಲೆ. ಪಲ್ಲವಿ ಹೀಗಿದೆ: 'ಕತ್ತಲಲ್ಲಿ ಹೋದೋಳು, ಕತ್ತಲಲ್ಲೇ ಬಂದ್ಲು'. ಅದು ಮೂರು ಸಲ ಬರುತ್ತದೆ. ನಡುವೆ ಎರಡು ಚರಣ, ಎರಡೂ ರ್‍ಯಾಪ್. ಒಟ್ಟು 3 ನಿಮಿಷ 20 ಸೆಕೆಂಡ್, ಟೆಂಪೋ 100, ಅಂದರೆ ನಿಮಿಷಕ್ಕೆ 100 ಬಡಿತ. 'ಮ್ಯೂಸಿಕ್ ವೀಡಿಯೋದ ಕನ್ವೆನ್ಷನ್‌ಗಳನ್ನು ಬಳಸಿ, ಕೆಲವನ್ನು ಚಾಲೆಂಜ್ ಮಾಡಿ, ಏನು ಮಾಡಿದಿರಿ ಅಂತ 1,500 ಪದಗಳಲ್ಲಿ ಬರೆಯಿರಿ' ಅಂತ ಮೇಷ್ಟ್ರು ಹೇಳಿದ್ದಾರೆ. ನಮ್ಮ ಪ್ಲಾನ್: ಕಬ್ಬಿನ ಗದ್ದೆ, ಟ್ರ್ಯಾಕ್ಟರ್ ಮೇಲೆ ಸ್ಲೋ ಮೋಷನ್, ನಾಲೆ ಮೇಲೆ ಡ್ರೋನ್, ಹೂಡಿ, ಕೂಲಿಂಗ್ ಗ್ಲಾಸ್, ಕಲರ್ ಹೊಗೆ, ಗದ್ದೆಯಲ್ಲಿ ಓಡುವ ಒಬ್ಬ ಹುಡುಗಿ. ಟೀಮಿನಲ್ಲಿ ಒಬ್ಬಳು ಮಾತ್ರ 'ಇದೆಲ್ಲ ಸವೆದುಹೋಗಿದೆ, ಎಲ್ಲ ಮುರಿಯೋಣ. ಹಾಡೋನನ್ನ ತೋರಿಸೋದೇ ಬೇಡ, ಕತೆ ಬೇಡ, ಕಪ್ಪು-ಬಿಳುಪು ಸಾಕು' ಅನ್ನುತ್ತಾಳೆ. ಬಜೆಟ್ 6,000 ರೂಪಾಯಿ. ಅದರಲ್ಲಿ ಡ್ರೋನಿಗೇ 4,000 ಕೇಳುತ್ತಿದ್ದಾರೆ. ಕ್ಯಾಮೆರಾ ಅಂದರೆ ಎರಡು ಫೋನು. ಯಾರ ಮಾತು ಕೇಳಬೇಕು? ಇನ್ನೊಂದು: ಶುರುವಿನಲ್ಲಿ ಹಳೇ ಸಿನಿಮಾದ ಜೋಗುಳ ಒಂದು 10 ಸೆಕೆಂಡ್ ಹಾಕಬಹುದಾ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ಪಲ್ಲವಿ. ನಾಲ್ಕೇ ಪದ. ಒಂದು ಇಡೀ ದಿನ ಅದರಲ್ಲಿದೆ, ಹಗಲು ಮಾತ್ರ ಇಲ್ಲ. ಈಗ ನಿಮ್ಮ ಪ್ಲಾನ್ ನೋಡಿ. ಗದ್ದೆ, ಟ್ರ್ಯಾಕ್ಟರ್, ನಾಲೆ, ಕೂಲಿಂಗ್ ಗ್ಲಾಸ್. ಎಲ್ಲ ಮಟಮಟ ಮಧ್ಯಾಹ್ನ. ಹಾಡಿನಲ್ಲಿ ಇಲ್ಲದ ಬಿಸಿಲು ವೀಡಿಯೋ ತುಂಬ ಸುರಿದಿದೆ. ಅಮ್ಮ ಎಲ್ಲೂ ಕಾಣಿಸುವುದೇ ಇಲ್ಲ.

ಇವೆಲ್ಲ ನೀವು ನೋಡಿದ ಬೇರೆ ವೀಡಿಯೋಗಳಿಂದ ಬಂದವು, ಅಲ್ವಾ? ಆದರೆ ನಿಮ್ಮ ಗೆಳತಿಯ 'ಎಲ್ಲ ಮುರಿಯೋಣ' ಕೂಡ ಈ ಹಾಡಿನಿಂದ ಬಂದದ್ದಲ್ಲ. ಅದೂ ಆ ವೀಡಿಯೋಗಳಿಂದಲೇ ಬಂದಿದೆ, ಅವರು ಮಾಡಿದ್ದನ್ನು ನಾವು ಮಾಡಬಾರದು ಅನ್ನೋ ಹಟದಿಂದ. ಹಾಗಾಗಿ ಇಬ್ಬರ ಮಾತೂ ಸದ್ಯಕ್ಕೆ ಪಕ್ಕಕ್ಕಿಡಿ.

ಎಲ್ಲ ಮುರಿಯುವ ಕೆಲಸ ನಾನೂ ಮಾಡಿದ್ದೇನೆ. ಓದುವಾಗ ಮೇಲುಕೋಟೆಯ ಕಲ್ಯಾಣಿಯ ಮೆಟ್ಟಿಲ ಮೇಲೆ ಒಂದು ಹಾಡು ಚಿತ್ರೀಕರಿಸಿದ್ದೆ. ಕತೆ ಇರಲಿಲ್ಲ. ಬಣ್ಣ ತೆಗೆದಿದ್ದೆ. ಹಾಡುವವಳ ತುಟಿಯನ್ನು ಬೇಕು ಅಂತಲೇ ಅರ್ಧ ಸೆಕೆಂಡ್ ಹಿಂದಕ್ಕೆ ಸರಿಸಿದ್ದೆ. ನೆನಪು ಅನ್ನೋದು ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತದೆ ಅಂತ ಏನೋ ದೊಡ್ಡ ಯೋಚನೆ. ಕಾಲೇಜು ಹಾಲ್‌ನಲ್ಲಿ ಹಾಕಿದಾಗ ಹಿಂದಿನ ಸಾಲಿನಿಂದ ಒಬ್ಬರು 'ಸೌಂಡ್ ಮುಂದೆ ಹೋಗಿದೆ, ಸರಿ ಮಾಡ್ರೀ' ಅಂತ ಕೂಗಿದರು. ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದವರು ನಿಲ್ಲಿಸಿ ಮೊದಲಿನಿಂದ ಹಾಕಿದರು. ಮತ್ತೆ ಕೂಗು, ಮತ್ತೆ ಮೊದಲಿನಿಂದ. ನೆನಪಿನ ಬಗ್ಗೆ ನಾನು ಮೂರು ಪುಟ ಬರೆದಿದ್ದೆ. ಹಾಲ್‌ನಲ್ಲಿದ್ದವರಿಗೆ ಕಂಡದ್ದು ಕೆಟ್ಟುಹೋದ ವೀಡಿಯೋ.

ಯಾಕೆ ಹಾಗಾಯಿತು? ನಿಮ್ಮ ಮೇಷ್ಟ್ರು ಕನ್ವೆನ್ಷನ್ ಅಂದದ್ದನ್ನು ನಾನು ರೂಢಿ ಅನ್ನುತ್ತೇನೆ. ರೂಢಿ ಇರುವುದು ನೋಡುವವರ ತಲೆಯಲ್ಲಿ. ಹಾಡು ಶುರುವಾದರೆ ಹಾಡುವವರು ಕಾಣುತ್ತಾರೆ, ತುಟಿ ಹಾಡಿಗೆ ಸರಿಯಾಗಿ ಆಡುತ್ತದೆ, ಪಲ್ಲವಿ ತಿರುಗಿ ಬಂದಾಗ ಜಾಗವೂ ತಿರುಗಿ ಬರುತ್ತದೆ, ಬಡಿತಕ್ಕೆ ಚಿತ್ರ ಬದಲಾಗುತ್ತದೆ. ಇದನ್ನೆಲ್ಲ ಯಾರೂ ಅವರಿಗೆ ಪಾಠ ಮಾಡಿಲ್ಲ, ಆದರೂ ಕಾಯುತ್ತಿರುತ್ತಾರೆ. ನಾನು ಮೊದಲ ಸೆಕೆಂಡಿನಿಂದಲೇ ತುಟಿ ಸರಿಸಿದೆ. ಇವರಿಗೆ ಸರಿಯಾಗಿ ಮಾಡಲು ಬರುತ್ತದೆ ಅನ್ನೋ ನಂಬಿಕೆ ಹುಟ್ಟೋಕೆ ಜಾಗವೇ ಬಿಡಲಿಲ್ಲ. ಎರಡು ಪಲ್ಲವಿಯಲ್ಲಿ ಕರಾರುವಾಕ್ಕಾಗಿ ಆಡಿದ ತುಟಿ ಮೂರನೆಯದರಲ್ಲಿ ಜಾರಿದ್ದರೆ ಯಾರೂ ಪ್ರೊಜೆಕ್ಟರ್ ಕಡೆ ತಿರುಗುತ್ತಿರಲಿಲ್ಲ. ಹಾಡುವವಳ ಮುಖವನ್ನೇ ನೋಡುತ್ತಿದ್ದರು.

ಆದ್ದರಿಂದ ನನ್ನ ಸಲಹೆ ಚಿಕ್ಕದು. ಒಂದೇ ಒಂದು ರೂಢಿ ಮುರಿಯಿರಿ. ಅದನ್ನು ನಿಮ್ಮ ವೀಡಿಯೋದೊಳಗೇ ಎರಡು ಸಲ ಸರಿಯಾಗಿ ಪಾಲಿಸಿ, ಮೂರನೇ ಸಲ ಮುರಿಯಿರಿ. ಉಳಿದ ಎಲ್ಲ ರೂಢಿಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಯಾಕಂದರೆ ಆ ಒಂದು ಕಾಣಬೇಕಾದರೆ ಉಳಿದವು ಅಲುಗಾಡಬಾರದು. ಯಾವುದನ್ನು ಮುರಿಯಬೇಕು ಅನ್ನೋದನ್ನು ಪಲ್ಲವಿಯನ್ನೇ ಕೇಳಿ.

ನನಗೆ ಹೊಳೆದದ್ದು ಹೇಳುತ್ತೇನೆ. ನಿಮ್ಮ ಪಠ್ಯದಲ್ಲಿ ಮಾಧ್ಯಮ ವಿದ್ವಾಂಸ ಆಂಡ್ರೂ ಗುಡ್ವಿನ್ ಹೆಸರು ಬಂದಿರುತ್ತದೆ. ಮ್ಯೂಸಿಕ್ ವೀಡಿಯೋಗಳ ಲಕ್ಷಣಗಳ ಬಗ್ಗೆ ಅವರು 1992ರಲ್ಲಿ ಬರೆದರು. ಹಾಡುವವರ ಮುಖದ ಕ್ಲೋಸಪ್ ಜಾಸ್ತಿ ಇರಲಿ ಅಂತ ರೆಕಾರ್ಡ್ ಕಂಪನಿ ಕೇಳುತ್ತದೆ ಅನ್ನೋದು ಅದರಲ್ಲೊಂದು. ಅಮೆರಿಕದಲ್ಲಿ 1981ರ ಆಗಸ್ಟ್ 1ಕ್ಕೆ ಎಂಟಿವಿ ಶುರುವಾದ ಮೇಲೆ ಇದು ಗಟ್ಟಿಯಾಯಿತು. ಮಾರಾಟವಾಗಬೇಕಾದ್ದು ಗಾಯಕರ ಹೆಸರು. ಹಾಗಾಗಿ ದನಿ ಯಾರದೋ ಮುಖವೂ ಅವರದೇ.

ನಮ್ಮ ಕಡೆ ಹಾಗಲ್ಲ. ನನ್ನ ವಯಸ್ಸಿನವರು ದೂರದರ್ಶನದಲ್ಲಿ ಸಿನಿಮಾ ಹಾಡುಗಳ ಕಾರ್ಯಕ್ರಮ ಚಿತ್ರಮಂಜರಿ ನೋಡಿ ಬೆಳೆದವರು. ಅಲ್ಲಿ ದನಿ ಒಬ್ಬರದು, ಮುಖ ಇನ್ನೊಬ್ಬರದು. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ಹಾಡಿದ್ದು ಪಿ.ಬಿ. ಶ್ರೀನಿವಾಸ್. 1974ರಲ್ಲಿ ರಾಜ್‌ಕುಮಾರ್ ತಾವೇ ಹಾಡಿದ ಮೇಲೆ ಅದು ಬದಲಾಯಿತು. ಅದಕ್ಕೆ ಮುಂಚೆ ಆ ಮುಖಕ್ಕೆ ಈ ದನಿ ಹೇಗೆ ಅಂತ ಮಂಡ್ಯದಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಒಬ್ಬರ ದನಿಗೆ ಇನ್ನೊಬ್ಬರು ತುಟಿ ಆಡಿಸಿದರೆ ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ಜನಕ್ಕೆ ಮೊದಲಿನಿಂದಲೂ ಇದೆ. ಆದರೆ ರ್‍ಯಾಪ್‌ನಲ್ಲಿ ಆ ಅಭ್ಯಾಸ ಇಲ್ಲ. ಅಲ್ಲಿ ಬರೆದವನೇ ಹಾಡಬೇಕು, ಹಾಡಿದವನೇ ಕ್ಯಾಮೆರಾ ಮುಂದೆ ನಿಲ್ಲಬೇಕು. ಬೇರೆಯವರಿಂದ ಬರೆಸಿದರೂ ಮರ್ಯಾದೆ ಹೋಗುತ್ತದೆ. ನಿಮ್ಮ ಹಾಡು ಈ ಎರಡೂ ರೂಢಿಗಳ ನಡುವೆ ನಿಂತಿದೆ. ಮುರಿಯಬೇಕಾದ ಜಾಗ ಅದೇ.

ಮೊದಲ ಪಲ್ಲವಿ: ಊರಿನ ಬಸ್ ಸ್ಟಾಪು, ನಸುಕು. ನಿಮ್ಮ ಗೆಳೆಯ ಕ್ಯಾಮೆರಾ ನೋಡಿ ಹಾಡುತ್ತಾನೆ. ಎದೆಯಿಂದ ಮೇಲಿನ ಶಾಟು. ಎರಡನೇ ಪಲ್ಲವಿ: ಅದೇ ಸ್ಟಾಪು, ಅದೇ ಅಳತೆ, ಅದೇ ಬೆಳಕು, ಅವನೇ. ನೋಡುವವರು 'ಪಲ್ಲವಿ ಬಂದರೆ ಈ ಜಾಗ, ಈ ಹುಡುಗ' ಅಂತ ಮನಸ್ಸಿನಲ್ಲಿ ಬರೆದುಕೊಂಡಿರುತ್ತಾರೆ. ಮೂರನೇ ಪಲ್ಲವಿ: ಅದೇ ಸ್ಟಾಪು, ಅದೇ ಅಳತೆ. ನಿಂತಿರುವುದು ಅಮ್ಮ. ದನಿ ಮಗನದು, ತುಟಿ ಅಮ್ಮನದು. 'ಕತ್ತಲಲ್ಲಿ ಹೋದೋಳು' ಅಂತ ಅವನು ಅಮ್ಮನ ಬಗ್ಗೆ ಹೇಳುತ್ತಿದ್ದ ಮಾತನ್ನು ಈಗ ಅಮ್ಮ ತನ್ನ ಬಗ್ಗೆ ತಾನೇ ಹೇಳಿಕೊಳ್ಳುತ್ತಾರೆ, ಅವನ ದನಿಯಲ್ಲಿ. ಹಾಡಿನಲ್ಲಿ ಅಮ್ಮನಿಗೆ ಒಂದು ಸಾಲೂ ಇಲ್ಲ ಅನ್ನೋದು ಆಗ ತಟ್ಟನೆ ಗೊತ್ತಾಗುತ್ತದೆ. ಇದಕ್ಕೆ ದುಡ್ಡು ಬೇಡ.

ಆದರೆ ಅಮ್ಮ ಒಪ್ಪಬೇಕು. ಇಡೀ ಹಾಡು ಅವರ ಮೇಲಿದೆ, ನಿಮ್ಮ ಪತ್ರದಲ್ಲಿ ಅವರನ್ನು ಕೇಳಿದ್ದೀರಿ ಅಂತ ಎಲ್ಲೂ ಇಲ್ಲ. ಅವರ ಜೊತೆ ಕೆಲಸ ಮಾಡುವವರು ನೋಡುತ್ತಾರೆ, ಸೂಪರ್‌ವೈಸರ್ ನೋಡುತ್ತಾರೆ, ನೆಂಟರು ನೋಡುತ್ತಾರೆ. 'ನನ್ ಕಷ್ಟ ಊರಿಗೆಲ್ಲ ಯಾಕೋ ತೋರಿಸ್ತೀಯಾ' ಅಂತ ಅವರು ಅಂದರೆ ಅಲ್ಲಿಗೆ ನಿಲ್ಲಿಸಿ. ಮುಖ ಬೇಡ ಅಂದರೆ ಹಿಂದಿನಿಂದ ತೆಗೆಯಿರಿ. ಮೂರನೇ ಪಲ್ಲವಿಯಲ್ಲಿ ಅಮ್ಮ ಬೆನ್ನು ಹಾಕಿ ಬಸ್ಸಿಗೆ ಕಾಯುತ್ತಿದ್ದರೆ, ದನಿ ಮಾತ್ರ ನಡೆಯುತ್ತಿದ್ದರೆ, ಅದೂ ಮುರಿದ ಹಾಗೆಯೇ. ಬಹುಶಃ ಅದೇ ಇನ್ನೂ ಚೆನ್ನಾಗಿರಬಹುದು. ಫ್ಯಾಕ್ಟರಿ ಒಳಗೆ, ಗೇಟಿನ ಹತ್ತಿರ ಶೂಟಿಂಗ್ ಅಂತ ಹೋಗಬೇಡಿ. ಸಿಕ್ಕಿಹಾಕಿಕೊಂಡರೆ ತೊಂದರೆ ಆಗುವುದು ಅಮ್ಮನಿಗೆ.

ಈಗ ಹಗಲಿನ ವಿಷಯ. ಹಾಡಿನ ಮಾತಿಗೂ ಚಿತ್ರಕ್ಕೂ ಮೂರು ಥರದ ಸಂಬಂಧ ಇರಬಹುದು ಅಂತ ಅದೇ ಗುಡ್ವಿನ್ ಹೇಳುತ್ತಾರೆ. ಹೇಳಿದ್ದನ್ನೇ ತೋರಿಸುವುದು, ಹೇಳಿದ್ದಕ್ಕೆ ಇನ್ನಷ್ಟು ಸೇರಿಸುವುದು, ಹೇಳಿದ್ದಕ್ಕೆ ಸಂಬಂಧವೇ ಇಲ್ಲದ್ದನ್ನು ತೋರಿಸುವುದು. ವಿದ್ಯಾರ್ಥಿಗಳು ಮೊದಲನೆಯದನ್ನು ಕೀಳು, ಮೂರನೆಯದನ್ನು ಮೇಲು ಅಂದುಕೊಳ್ಳುತ್ತಾರೆ. ಸುಮ್ನೆ ಆ ಥರ ಏಣಿ ಹಾಕಬೇಡಿ. ಪಲ್ಲವಿಯಲ್ಲಿ ಕತ್ತಲು ಅಂದಾಗ ಕತ್ತಲನ್ನೇ ತೋರಿಸಿ. ಚರಣದಲ್ಲಿ ಎರಡನೆಯದಕ್ಕೆ ಬನ್ನಿ. ಹಗಲು, ಮನೆ, ಅಮ್ಮ ಇಲ್ಲ. ಮುಚ್ಚಿಟ್ಟ ಅನ್ನದ ಪಾತ್ರೆ. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ ಮನೆಯಲ್ಲಿ ಉಡುವ ಸೀರೆ. ಮಗ ಒಬ್ಬನೇ ಕೂತು ಊಟ ಮಾಡುವುದು. ಇಡೀ ವೀಡಿಯೋದಲ್ಲಿ ಬೆಳಕಿದ್ದಾಗ ಅಮ್ಮ ಇಲ್ಲ, ಅಮ್ಮ ಇದ್ದಾಗ ಬೆಳಕಿಲ್ಲ. ಈ ಒಂದು ಕಟ್ಟುಪಾಡು ಇಟ್ಟುಕೊಂಡರೆ ಯಾವ ಶಾಟ್ ಬೇಕು, ಯಾವುದು ಬೇಡ ಅನ್ನೋ ಜಗಳ ನಿಮ್ಮಲ್ಲಿ ಅರ್ಧ ಕಡಿಮೆಯಾಗುತ್ತದೆ. ಕೊನೆಗೆ ಒಂದು ಭಾನುವಾರದ ಬಿಸಿಲಲ್ಲಿ ಅಮ್ಮನನ್ನು ಕೂರಿಸಿ ತೋರಿಸೋಣ ಅನ್ನಿಸುತ್ತದೆ. ಬರೆಯುವಾಗ ನನಗೂ ಅನ್ನಿಸಿತು. ನಾನಾದರೆ ಹಾಕುವುದಿಲ್ಲ. ಹಾಡು ಕೊಡದ ಸಮಾಧಾನವನ್ನು ವೀಡಿಯೋ ಯಾಕೆ ಕೊಡಬೇಕು? ಆದರೆ ಆ ಮಾತಿನಲ್ಲಿ ಕೊನೇ ತೀರ್ಮಾನ ನಿಮ್ಮ ಗೆಳೆಯನದು.

ರ್‍ಯಾಪ್ ವೀಡಿಯೋದ ಇನ್ನೊಂದು ರೂಢಿಯನ್ನು ಬಿಡಬೇಡಿ: ಹಿಂದೆ ನಿಲ್ಲುವ ಗ್ಯಾಂಗು. ಕೆಳಗಿನಿಂದ ಮೇಲಕ್ಕೆ ಇಟ್ಟ ಕ್ಯಾಮೆರಾ, ನಡುವೆ ಹಾಡುವವನು, ಹಿಂದೆ ಕೈ ಕಟ್ಟಿಕೊಂಡು ನಿಂತ ಗೆಳೆಯರು. ನಮ್ಮ ಏರಿಯಾ, ನಮ್ಮ ಬಲ ಅಂತ ಹೇಳುವ ಚಿತ್ರ ಅದು. ಅದನ್ನು ಹಾಗೇ ಇಟ್ಟುಕೊಳ್ಳಿ, ಜನ ಬದಲಾಯಿಸಿ. ಊಟದ ಬ್ಯಾಗು ಹಿಡಿದು ಬಸ್ಸಿಗೆ ಕಾಯುವ ಹೆಂಗಸರು ಹಿಂದೆ ನಿಲ್ಲಲಿ, ಅವರು ಒಪ್ಪಿದರೆ. ಅವರು ಸ್ಟೈಲ್ ಮಾಡಬೇಕಾಗಿಲ್ಲ. ದಿನಾ ನಿಲ್ಲುವ ಹಾಗೆ ನಿಂತರೆ ಸಾಕು. ರೂಢಿ ಬಳಸುವುದು, ಪ್ರಶ್ನೆ ಮಾಡುವುದು ಎರಡೂ ಒಂದೇ ಫ್ರೇಮಿನಲ್ಲಿ ಆಗುತ್ತದೆ. ಮೇಷ್ಟ್ರು ಕೇಳಿದ್ದು ಇದನ್ನೇ.

ಹೂಡಿ ಇರಲಿ, ನಸುಕಿಗೆ ಚಳಿ ಇರುತ್ತದೆ. ಕೂಲಿಂಗ್ ಗ್ಲಾಸ್ ಬೇಡ. ಕಣ್ಣೇ ಕಾಣದ ಮಗ ಅಮ್ಮನ ಬಗ್ಗೆ ಏನು ಹಾಡಿದರೂ ಕೇಳುವವರಿಗೆ ತಲುಪುವುದಿಲ್ಲ. ಗದ್ದೆಯಲ್ಲಿ ಓಡುವ ಹುಡುಗಿ ಯಾರು? ಹಾಡಿನಲ್ಲಿ ಅವಳಿಲ್ಲ. ಎರಡು ಶಾಟಿನಲ್ಲಿ ಬಂದು ದುಪಟ್ಟಾ ಹಾರಿಸಿ ಹೋಗುತ್ತಾಳೆ. ಹಾಡಿಗೆ ಒಬ್ಬ ಹುಡುಗಿ ಇರಬೇಕು ಅನ್ನೋ ರೂಢಿಗೆ ಹಾಜರಿ ಹಾಕಿಸಿದ್ದೀರಿ ಅಷ್ಟೇ. ಅಲ್ಲದೆ ಬೆಳೆದ ಕಬ್ಬಿನೊಳಗೆ ಯಾರಾದರೂ ಓಡುತ್ತಾರಾ? ಗರಿ ಮುಖ ಮೈಯೆಲ್ಲ ಕೊಯ್ದುಹಾಕುತ್ತದೆ. ಇದನ್ನು ಮಂಡ್ಯದವರಿಗೆ ಮೈಸೂರಿನವಳು ಹೇಳಬೇಕಾ!

ಕಲರ್ ಹೊಗೆ ಖಂಡಿತ ಬೇಡ. ಒಣಗಿದ ಗರಿ ಇರುವ ಕಡೆ ಒಂದು ಕಿಡಿ ಸಾಕು. ಮೈಸೂರಿನ ಸ್ಟುಡಿಯೋ ಒಂದರಲ್ಲಿ 1989ರ ಫೆಬ್ರವರಿ 8ರಂದು ಟಿವಿ ಧಾರಾವಾಹಿಯ ಶೂಟಿಂಗ್ ನಡೆಯುವಾಗ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ತೀರಿಕೊಂಡರು. ಈ ಊರಿನಲ್ಲಿ ಶೂಟಿಂಗ್ ಮಾಡುವ ಯಾರೂ ಅದನ್ನು ಮರೆಯಬಾರದು.

ಡ್ರೋನನ್ನೂ ಬಿಡಿ. ಕಾನೂನಿನ ಮಾತು ಒಂದು ಕಡೆ ಇರಲಿ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮಿನೊಳಗಿನದಕ್ಕೆ ಪೈಲಟ್ ಲೈಸೆನ್ಸ್ ಬೇಡ, ಆದರೂ ಎಲ್ಲಿ ಬೇಕಾದರೂ ಹಾರಿಸುವ ಹಾಗಿಲ್ಲ. ಕೆಆರ್‌ಎಸ್ ಕಡೆ ಅಂತೂ ತಲೆ ಹಾಕಲೇಬೇಡಿ. ನನ್ನ ತಕರಾರು ಬೇರೆ. ಮೇಲಿನಿಂದ ನೋಡಿದರೆ ಊರು ಚೆಂದ ಕಾಣುತ್ತದೆ, ಮನುಷ್ಯರು ಚುಕ್ಕಿಗಳಾಗುತ್ತಾರೆ. ನಿಮ್ಮ ಹಾಡಿಗೆ ಬೇಕಾದದ್ದು ಒಬ್ಬರ ಮುಖ. ಆ 4,000ದಲ್ಲಿ ಒಂದು ಒಳ್ಳೆಯ ಟ್ರೈಪಾಡು, ಒಂದು ಚಿಕ್ಕ ಎಲ್‌ಇಡಿ ಲೈಟು, ಬೆಳಗಿನ ಜಾವ ಬಂದು ನಿಲ್ಲುವವರಿಗೆಲ್ಲ ಕಾಫಿ-ಇಡ್ಲಿ ಆಗುತ್ತದೆ.

ಕಪ್ಪು-ಬಿಳುಪು? ರಾತ್ರಿ ಶಾಟಿನಲ್ಲಿ ಫೋನು ಉದುರಿಸುವ ಕಾಳುಕಾಳನ್ನು ಅದು ಮುಚ್ಚುತ್ತದೆ ನಿಜ. ಆದರೆ ನಸುಕಿನ ನೀಲಿಯೂ ಬಸ್ಸಿನ ಹೆಡ್‌ಲೈಟಿನ ಬೆಳಕೂ ನಿಮಗೆ ಪುಕ್ಕಟೆ ಸಿಗುತ್ತಿರುವಾಗ ಯಾಕೆ ಕಳೆದುಕೊಳ್ಳಬೇಕು? ಬಣ್ಣ ಇರಲಿ.

ಶೂಟಿಂಗ್ ಬಗ್ಗೆ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕಂದರೆ ಮುರಿದದ್ದು ಬೇಕಂತ ಮಾಡಿದ್ದು ಅಂತ ಗೊತ್ತಾಗಬೇಕಾದರೆ ಉಳಿದದ್ದು ಅಚ್ಚುಕಟ್ಟಾಗಿರಬೇಕು.

ಫೋನಿಗೆ ಕತ್ತಲು ಅಂದರೆ ಆಗುವುದಿಲ್ಲ. ಆಟೋದಲ್ಲಿ ಬಿಟ್ಟರೆ ನಸುಕನ್ನೂ ಬೆಳ್ಳಗೆ ಮಾಡಿಬಿಡುತ್ತದೆ. ಎಕ್ಸ್‌ಪೋಷರ್ (ಬೆಳಕಿನ ಅಳತೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ) ಎರಡನ್ನೂ ಲಾಕ್ ಮಾಡಿ. ಸೆಕೆಂಡಿಗೆ 25 ಫ್ರೇಮ್, ಶಟರ್ ಸೆಕೆಂಡಿನ 50ರಲ್ಲಿ ಒಂದು ಭಾಗ. ನಮ್ಮಲ್ಲಿ ಕರೆಂಟು 50 ಹರ್ಟ್ಸ್. ಶಟರ್ 60ರಲ್ಲಿ ಒಂದು ಅಂತ ಇಟ್ಟರೆ ಮನೆಯ ಟ್ಯೂಬ್‌ಲೈಟಿನಲ್ಲಿ ಪಟ್ಟೆಪಟ್ಟೆ ಓಡುತ್ತದೆ. ಫೋನಿನ ಕ್ಯಾಮೆರಾದಲ್ಲೇ 25 ಇಲ್ಲದಿದ್ದರೆ ಅದನ್ನು ಕೊಡುವ ಆ್ಯಪ್ ಹಾಕಿಕೊಳ್ಳಿ. ಇನ್ನೊಂದು ಲಾಭವೂ ಇದೆ. ಫೋನುಗಳು ಫ್ರೇಮ್ ವೇಗವನ್ನು ತಾವೇ ಹೆಚ್ಚು ಕಡಿಮೆ ಮಾಡುತ್ತವೆ, ಎಡಿಟಿಂಗ್‌ನಲ್ಲಿ ತುಟಿ ಮೆಲ್ಲಗೆ ಜಾರುತ್ತಾ ಹೋಗುತ್ತದೆ. ವೇಗವನ್ನು ಕಟ್ಟಿಹಾಕುವ ಆ್ಯಪ್‌ನಲ್ಲಿ ತೆಗೆದರೆ ಆ ಕಾಟ ಇಲ್ಲ.

ಡಿಸೆಂಬರ್-ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಹುಟ್ಟುವುದು ಸುಮಾರು 6.40ಕ್ಕೆ. ಅದಕ್ಕೆ ಮುಂಚಿನ ನೀಲಿ ಬೆಳಕು ಸಿಗುವುದು 20-25 ನಿಮಿಷ. ಒಂದು ಪಲ್ಲವಿಗೆ ಒಂದು ಬೆಳಗ್ಗೆ ಅಂತ ಲೆಕ್ಕ ಹಾಕಿ. ಮೂರನ್ನೂ ಒಂದೇ ದಿನ ಮುಗಿಸುತ್ತೇವೆ ಅಂದರೆ ಮೂರನೆಯದು ಹಗಲಾಗಿರುತ್ತದೆ. ಸಿನಿಮಾದವರ ಹಳೇ ಜಾಣತನ ಒಂದಿದೆ: ಸೂರ್ಯ ಮುಳುಗಿದ ಮೇಲಿನ ಬೆಳಕೂ ನಸುಕಿನ ಹಾಗೇ ಕಾಣುತ್ತದೆ. ಹತ್ತಿರದ ಶಾಟುಗಳನ್ನು ಸಂಜೆಯೇ ತೆಗೆದುಕೊಳ್ಳಿ. ಅಮ್ಮನಿಗೂ ಬೆಳಗ್ಗೆ ಹೊತ್ತು ಉಳಿಯುತ್ತದೆ.

ಬಸ್ಸು ಹೋಗುವಾಗ ಫ್ರೇಮಿನಲ್ಲಿ ಎಡದಿಂದ ಬಲಕ್ಕೆ ಹೋಗಲಿ, ಬರುವಾಗ ಬಲದಿಂದ ಎಡಕ್ಕೆ ಬರಲಿ. ಎರಡೂ ಕತ್ತಲೇ ಆದ್ದರಿಂದ ಬೇರೆ ಗುರುತು ಇಲ್ಲ. ರಸ್ತೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಇಟ್ಟರೆ ಸಾಕು, 'ಬೆಳಗ್ಗೆ', 'ರಾತ್ರಿ' ಅಂತ ಅಕ್ಷರ ಹಾಕಬೇಕಾಗಿಲ್ಲ.

ತುಟಿ ಆಡಿಸುವಾಗ ಸುಮ್ಮನೆ ಬಾಯಿ ತೆರೆದು ಮುಚ್ಚಬೇಡಿ. ಜೋರಾಗಿ ಹಾಡಬೇಕು. ಕತ್ತಿನ ನರ ಉಬ್ಬದಿದ್ದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. ಹಾಡಿನ ಶುರುವಿಗೆ ಮೂರು ಬೀಪ್ ಸೇರಿಸಿ ಸ್ಪೀಕರಿನಲ್ಲಿ ಹಾಕಿ, ಆಮೇಲೆ ಜೋಡಿಸಲು ಸುಲಭ. ಸ್ಪೀಕರ್ ಹಾಡುವವನ ಹತ್ತಿರವೇ ಇರಲಿ. ಕ್ಯಾಮೆರಾ 30 ಮೀಟರ್ ದೂರದಲ್ಲಿದ್ದರೆ ಸದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಎರಡು ಫ್ರೇಮಿಗಿಂತ ಜಾಸ್ತಿ ತಡವಾಗಿರುತ್ತದೆ. ಅಂಥ ಶಾಟನ್ನು ಕಿವಿ ನಂಬಿ ಜೋಡಿಸಬೇಡಿ, ತುಟಿ ನೋಡಿ ಜೋಡಿಸಿ.

ಸ್ಲೋ ಮೋಷನ್ ಬೇಕೇ ಬೇಕು ಅಂದರೆ ಟ್ರ್ಯಾಕ್ಟರ್ ಮೇಲೆ ಬೇಡ, ಮೂರನೇ ಪಲ್ಲವಿಯಲ್ಲಿ ಇಡಿ. ಸೆಕೆಂಡಿಗೆ 50 ಫ್ರೇಮಿನಲ್ಲಿ, ಶಟರ್ 100ರಲ್ಲಿ ಒಂದು ಭಾಗಕ್ಕೆ ಬದಲಾಯಿಸಿ ತೆಗೆಯಿರಿ. ಸ್ಪೀಕರಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಅದಕ್ಕೆ ತುಟಿ ಆಡಿಸಿ. ಆಮೇಲೆ 25ರಲ್ಲಿ ಓಡಿಸಿದರೆ ತುಟಿ ಹಾಡಿಗೆ ಸರಿಯಾಗಿ ಕೂರುತ್ತದೆ, ಸೆರಗು, ಕೂದಲು, ಹಿಂದೆ ಹೋಗುವ ಸೈಕಲ್ಲು ಎಲ್ಲ ನಿಧಾನವಾಗುತ್ತವೆ. ಪಲ್ಲವಿಗೆ ಇದು ನಡೆಯುತ್ತದೆ. ರ್‍ಯಾಪ್ ಚರಣವನ್ನು ಎರಡು ಪಟ್ಟು ವೇಗದಲ್ಲಿ ಹೇಳೋಕೆ ಹೋದರೆ ನಾಲಿಗೆ ಗಂಟುಬೀಳುತ್ತದೆ. ಅಮ್ಮನಿಗೂ ಇದು ಕಷ್ಟವೇ. ನಾಲ್ಕೇ ಪದ ಅಲ್ವಾ, ಮನೆಯಲ್ಲಿ ಒಂದೆರಡು ಸಂಜೆ ಅಭ್ಯಾಸ ಮಾಡಿ ನೋಡಿ. ಆಗದಿದ್ದರೆ ಮಾಮೂಲಿ ವೇಗದಲ್ಲೇ ತೆಗೆಯಿರಿ.

ಎಡಿಟಿಂಗ್ ಲೆಕ್ಕ: ಟೆಂಪೋ 100 ಅಂದರೆ ಒಂದು ಬಡಿತ 0.6 ಸೆಕೆಂಡ್, 25ರ ಲೆಕ್ಕದಲ್ಲಿ ಸರಿಯಾಗಿ 15 ಫ್ರೇಮ್. ನಿಮ್ಮ ಪುಣ್ಯ, ಚೂರುಪಾರು ಉಳಿಯುವುದಿಲ್ಲ. ನಾಲ್ಕು ಬಡಿತದ ಒಂದು ಬಾರ್ 60 ಫ್ರೇಮ್. ಇಡೀ ಹಾಡು ಸುಮಾರು 83 ಬಾರ್. ಬಡಿತಕ್ಕೊಂದು ಕಟ್ ಅಂದರೆ 330ಕ್ಕೂ ಜಾಸ್ತಿ ಶಾಟು ಬೇಕು. ಎರಡು ಫೋನಿನಲ್ಲಿ ಅದು ಆಗುವ ಮಾತಲ್ಲ, ಈ ಹಾಡಿಗೆ ಒಪ್ಪುವುದೂ ಇಲ್ಲ. ಎರಡು ಬಾರ್‌ಗೆ ಒಂದು ಕಟ್ ಅಂತ ಸರಾಸರಿ ಇಟ್ಟುಕೊಂಡರೆ ನಲವತ್ತು ಚಿಲ್ಲರೆ ಶಾಟಿನಲ್ಲಿ ಮುಗಿಯುತ್ತದೆ. ಚರಣದಲ್ಲಿ ಬಡಿತಕ್ಕೆ ಸರಿಯಾಗಿ ಕತ್ತರಿಸಿ. ನಾನು ಬಡಿತಕ್ಕಿಂತ ಒಂದು ಫ್ರೇಮ್ ಮುಂಚೆ ಕತ್ತರಿಸುತ್ತೇನೆ, ಕಣ್ಣಿಗೆ ಹೊಸ ಚಿತ್ರಕ್ಕೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಮೂರನೇ ಪಲ್ಲವಿಯಲ್ಲಿ ಕಟ್ಟೇ ಬೇಡ. ಒಂದೇ ಶಾಟು, ಕೊನೆವರೆಗೂ.

ಜೋಗುಳದ ಪ್ರಶ್ನೆಗೆ ಬರುತ್ತೇನೆ. '10 ಸೆಕೆಂಡ್ ಒಳಗಿದ್ದರೆ ಫ್ರೀ' ಅನ್ನೋ ಮಾತು ಎಲ್ಲ ಕಾಲೇಜಿನಲ್ಲೂ ಓಡಾಡುತ್ತದೆ. ಕಾನೂನಿನಲ್ಲಿ ಅಂಥ ಸೆಕೆಂಡಿನ ಲೆಕ್ಕ ಇಲ್ಲ. 1957ರ ಕಾಪಿರೈಟ್ ಕಾಯ್ದೆಯಲ್ಲಿ ಪಾಠದ ಭಾಗವಾಗಿ ಬಳಸಲು ಸ್ವಲ್ಪ ಅವಕಾಶ ಇದೆ. ಯೂಟ್ಯೂಬಿಗೆ ಹಾಕಿದ ತಕ್ಷಣ ಅದು ಪಾಠ ಅಲ್ಲ. ಬೇರೆಯವರ ಹಾಡನ್ನು ತಾನೇ ಪತ್ತೆ ಹಚ್ಚುವ ಅಲ್ಲಿನ ಕಂಟೆಂಟ್ ಐಡಿ ವ್ಯವಸ್ಥೆ ಆ ತುಣುಕನ್ನು ಹಿಡಿದರೆ ಸದ್ದು ಹೋಗಬಹುದು, ವೀಡಿಯೋ ನಿಲ್ಲಬಹುದು. ರೆಕಾರ್ಡಿಂಗಿಗೆ ಹೊರಬಂದ ಮೇಲೆ 60 ವರ್ಷದ ಹಕ್ಕು ಇರುತ್ತದೆ. ಸಾಹಿತ್ಯಕ್ಕೆ ಬರೆದವರು ತೀರಿಕೊಂಡ ಮೇಲೂ 60 ವರ್ಷ. ನಿಮ್ಮ ಜಿಲ್ಲೆಯ ಕಿಕ್ಕೇರಿಯವರಾದ ಕೆ.ಎಸ್. ನರಸಿಂಹಸ್ವಾಮಿ ತೀರಿಕೊಂಡದ್ದು 2003ರಲ್ಲಿ. ಅಂದರೆ ಅವರ ಸಾಲುಗಳಿಗೆ 2063ರ ಕೊನೆವರೆಗೂ ಅನುಮತಿ ಬೇಕು. 'ಕವಿತೆ ಎಲ್ಲರದೂ' ಅಂತ ಹಾಡಿಕೊಂಡು ಹಾಕುವಂತಿಲ್ಲ. ನಿಮ್ಮ ಗೆಳೆಯ ಬೀಟನ್ನು, ಅಂದರೆ ರ್‍ಯಾಪ್‌ನ ಹಿಂದಿನ ಸಂಗೀತವನ್ನು, ಇಂಟರ್‌ನೆಟ್ಟಿನಿಂದ ತೆಗೆದಿದ್ದರೆ ಅದರ ಷರತ್ತನ್ನೂ ಈಗಲೇ ಓದಿಕೊಳ್ಳಿ. 'ಫ್ರೀ' ಅಂತ ಬರೆದಿದ್ದರೂ ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೆ ಏನೋ ಇರುತ್ತದೆ.

ಜೋಗುಳ ಬೇಕಾದರೆ ಅಮ್ಮನ ಹತ್ತಿರವೇ ಕೇಳಿ. ಅವನನ್ನು ಮಲಗಿಸಲು ಗುನುಗುತ್ತಿದ್ದ ಹಳ್ಳಿಯ ಹಾಡು ಒಂದಾದರೂ ನೆನಪಿದ್ದೇ ಇರುತ್ತದೆ. ಫೋನಿನಲ್ಲೇ ರೆಕಾರ್ಡ್ ಮಾಡಿ, ಹಿಂದೆ ಮಿಕ್ಸಿ ಸದ್ದು ಬಂದರೂ ಪರವಾಗಿಲ್ಲ. ಆದರೆ ಒಂದು ಎಚ್ಚರಿಕೆ: ಅವರ ದನಿ ಮೊದಲೇ ಕೇಳಿಸಿದರೆ ಮೂರನೇ ಪಲ್ಲವಿಯ ಪೆಟ್ಟು ಕಡಿಮೆಯಾಗುತ್ತದೆ. ಜೋಗುಳವನ್ನು ಹಾಡು ಮುಗಿದ ಮೇಲೆ ಹಾಕಿ, ಹೆಸರುಗಳು ಓಡುವಾಗ. ಅಲ್ಲಿಯವರೆಗೆ ಮಗನ ದನಿಯಷ್ಟೇ ಇರಲಿ.

ವರದಿಯಲ್ಲಿ 'ನಾವು ಕನ್ವೆನ್ಷನ್ ಚಾಲೆಂಜ್ ಮಾಡಿದೆವು' ಅಂತ ಬರೆದರೆ ಓದುವವರು ಆಕಳಿಸುತ್ತಾರೆ. ಇಷ್ಟನೇ ನಿಮಿಷ, ಇಷ್ಟನೇ ಸೆಕೆಂಡ್ ಅಂತ ಬರೆಯಿರಿ. ಅಲ್ಲಿ ನೋಡುವವರು ಏನನ್ನು ಕಾಯುತ್ತಿದ್ದರು, ಆ ನಿರೀಕ್ಷೆ ಎಲ್ಲಿಂದ ಬಂತು, ರ್‍ಯಾಪ್‌ನಿಂದಲೋ ನಮ್ಮ ಸಿನಿಮಾ ಹಾಡಿನಿಂದಲೋ, ನೀವು ಏನು ಕೊಟ್ಟಿರಿ, ಯಾಕೆ. ಗುಡ್ವಿನ್ ಹೇಳಿದ ಕ್ಲೋಸಪ್ಪಿನ ಮಾತು ನಮ್ಮ ಹಿನ್ನೆಲೆ ಗಾಯನದ ಅಭ್ಯಾಸಕ್ಕೆ ಎಲ್ಲಿ ಹೊಂದುವುದಿಲ್ಲ ಅನ್ನೋದನ್ನೇ ಒಂದು ಪುಟ ಬರೆಯಬಹುದು. ಅದು ಪುಸ್ತಕದಿಂದ ಇಳಿಸಿಕೊಂಡದ್ದಲ್ಲ ಅಂತ ಮೇಷ್ಟ್ರಿಗೂ ಗೊತ್ತಾಗುತ್ತದೆ. ಬಿಟ್ಟ ಡ್ರೋನ್, ಬಿಟ್ಟ ಗದ್ದೆಯ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ. ಬಿಟ್ಟದ್ದಕ್ಕೆ ಕಾರಣ ಕೊಡುವ ವಿದ್ಯಾರ್ಥಿಗಳು ಕಡಿಮೆ.

ಬರೆಯುವ ಮುಂಚೆ ಕಚ್ಚಾ ಎಡಿಟನ್ನು ನಿಮ್ಮ ಕ್ಲಾಸಿನವರಲ್ಲದ ಐದು ಜನಕ್ಕೆ ತೋರಿಸಿ. ಟೀ ಅಂಗಡಿಯವರು, ಪಕ್ಕದ ಮನೆ ಅಜ್ಜಿ, ಯಾರಾದರೂ. 'ಹೇಗಿದೆ' ಅಂತ ಕೇಳಬೇಡಿ, 'ಚೆನ್ನಾಗಿದೆ ಕಣಪ್ಪ' ಅಂದುಬಿಡುತ್ತಾರೆ. 'ಕೊನೇಲಿ ಏನಾಯ್ತು ಹೇಳಿ' ಅಂತ ಕೇಳಿ. 'ಅವರಮ್ಮ ಹಾಡಿದ್ರಲ್ವಾ' ಅಂದರೆ ನೀವು ಗೆದ್ದಿರಿ. 'ಏನೋ ಹೆಚ್ಚುಕಮ್ಮಿ ಆಗಿದೆ, ನಿಮ್ ಫೋನ್ ಸರಿ ಇದ್ಯಾ' ಅಂದರೆ ಮೊದಲ ಎರಡು ಪಲ್ಲವಿಗೆ ವಾಪಸ್ ಹೋಗಿ. ಅಲ್ಲಿ ಜಾಗ, ಅಳತೆ, ಬೆಳಕು ಮೂರೂ ಒಂದೇ ಥರ ಇಲ್ಲ ಅಂತ ಅರ್ಥ. ಅಮ್ಮನಿಗೆ ಮಾತ್ರ ಕಚ್ಚಾ ಎಡಿಟ್ ಬೇಡ, ಮುಗಿದ ವೀಡಿಯೋ ತೋರಿಸಿ. ಎಲ್ಲೂ ಹಾಕುವ ಮುಂಚೆ.

ಇನ್ನೊಂದು ನೆನಪಾಯಿತು. ಮೂರನೇ ಪಲ್ಲವಿಯ ಬೆಳಕು ನಿಮ್ಮ ಎಲ್‌ಇಡಿಯಿಂದ ಬರಬೇಕಾಗಿಲ್ಲ, ಗಾರ್ಮೆಂಟ್ಸ್ ಬಸ್ಸಿನ ಹೆಡ್‌ಲೈಟಿನಿಂದ ಬರಲಿ. ತಿರುವಿನಲ್ಲಿ ಬಸ್ಸು ಬರುವಾಗ ಆ ಬೆಳಕು ಅಮ್ಮನ ಮುಖದ ಮೇಲೆ ಬೀಳುವುದು ಐದಾರು ಸೆಕೆಂಡ್ ಅಷ್ಟೇ. ಎದುರಿಗೆ ಜನ ನಿಂತಿದ್ದಾರೆ ಅಂತ ಡ್ರೈವರ್ ಡಿಮ್ ಮಾಡಿಬಿಟ್ಟರೆ ಮತ್ತೆ ಮರುದಿನದವರೆಗೆ ಕಾಯಬೇಕು. ಹಿಂದಿನ ದಿನವೇ ಹೋಗಿ ಅವರ ಹತ್ತಿರ ಮಾತಾಡಿ ಬನ್ನಿ.